ಬಿಸಿಲಿಗಿಟ್ಟ ನಾಲ್ಕು ಸೆಲ್ಲು

ಬೆಳಗಿನ ನಾಲ್ಕೂ ಮುಕ್ಕಾಲು. ಬಸ್ ಡಿಪೋದ ಹಿಂಭಾಗದಲ್ಲಿ ಬಸ್ಸು ತೊಳೆಯುವ ಜಾಗಕ್ಕೆ ಇರುವುದು ಒಂದೇ ಟ್ಯೂಬ್‌ಲೈಟು, ಅದೂ ಕಣ್ಣು ಮಿಟುಕಿಸುತ್ತಿದೆ. ಅದರ ಕೆಳಗೆ ಮೊಣಕಾಲುದ್ದದ ರಬ್ಬರ್ ಬೂಟು ಹಾಕಿಕೊಂಡು, ಉದ್ದ ಹಿಡಿಯ ಬ್ರಷ್ಷಿನಿಂದ ಬಸ್ಸಿನ ಮೈ ಉಜ್ಜುತ್ತಿರುವ ಹೆಂಗಸಿಗೆ ಐವತ್ತೈದು ವರ್ಷ. ಫೋನು ಪ್ಲಾಸ್ಟಿಕ್ ಚೀಲದೊಳಗೆ, ಚೀಲ ಸೊಂಟದ ಪಟ್ಟಿಯೊಳಗೆ, ವೈರು ಎಡಗಿವಿಯೊಳಗೆ. ಬಲಗಿವಿ ಖಾಲಿ.

"ಬಲಗಿವಿ ಡಿಪೋದ್ದು. ಹಿಂದಿನಿಂದ ಬಸ್ ಬಂದ್ರೆ ಕೇಳಿಸ್ಬೇಕಲ್ಲ. ಎಡಗಿವಿ ಮಾತ್ರ ನಂದು."

ಇವತ್ತು ಎಡಗಿವಿಯಲ್ಲಿ ಹಾಡುತ್ತಿರುವುದು 'ಒದ್ದೆ ಬೆಂಕಿಪೊಟ್ಟಣ' ಎಂಬ ಮೂರು ಹುಡುಗಿಯರ ಬ್ಯಾಂಡು. ಕಂಪನಿಯ ಹಂಗಿಲ್ಲ, ಸ್ಟುಡಿಯೋದ ಮುಖ ಕಂಡಿಲ್ಲ, ಸೈಕಲ್ ರಿಪೇರಿ ಶೆಡ್ಡಿನಲ್ಲಿ ಫೋನಿಟ್ಟು ರೆಕಾರ್ಡ್ ಮಾಡಿದ ಹಾಡು. ಅವಳು ಬ್ರಷ್ಷನ್ನು ಬಸ್ಸಿಗೆ ಒರಗಿಸಿ ಒಂದು ಗಳಿಗೆ ಸುಮ್ಮನೆ ನಿಲ್ಲುತ್ತಾಳೆ. ಆಮೇಲೆ ಮುಂದಿನ ಬಸ್ಸಿಗೆ ಹೋಗುತ್ತಾಳೆ. ಈ ಬಸ್ಸಿನ ಹಿಂದಿನ ಚಕ್ರ ಕೆಸರು ಮೆತ್ತಿಕೊಂಡೇ ಉಳಿಯುತ್ತದೆ.

ಡಿಪೋದ ಮೇಲ್ವಿಚಾರಕರಿಗೆ ಇದು ಗೊತ್ತು. "ಹಿಂದಿನ ಚಕ್ರ ಹಾಗೇ ಬಿಟ್ಟಿದ್ದಾಳೆ ಅಂದ್ರೆ ಊರಿಗೆ ಯಾವುದೋ ಹೊಸ ಬ್ಯಾಂಡ್ ಬಂದಿದೆ ಅಂತ ಅರ್ಥ. ಬೈಯ್ದು ಬೈಯ್ದು ನನಗೇ ಸಾಕಾಯ್ತು. ಈಗ 'ಯಾವ ಬ್ಯಾಂಡಮ್ಮಾ ಇದು?' ಅಂತ ಕೇಳಿ ಬಿಟ್ಟುಬಿಡ್ತೀನಿ" ಎಂದು ನಗುತ್ತಾರೆ.

ದಿನಕ್ಕೆ ಇಪ್ಪತ್ತೆರಡು ಬಸ್ಸು. ಒಂದಕ್ಕೆ ಒಂಬತ್ತು ನಿಮಿಷ. ಅವಳ ಲೆಕ್ಕದಲ್ಲಿ ಅದು ಸಾಮಾನ್ಯ ಹಾಡಾದರೆ ಎರಡೂವರೆ, ಪಂಕ್ ಆದರೆ ನಾಲ್ಕು. ಅವಳ ಬಗ್ಗೆ ಬರೆಯಲು ಬಂದ ನಾನು, ಪಂಕ್ ಅಂದರೆ ಏನು ಎಂದು ಗೊತ್ತಿಲ್ಲದವನ ಹಾಗೆ ಕೇಳಿದೆ. "ಗಿಟಾರಿನಲ್ಲಿ ಬೆರಳಿನ ಮೂರು ಹಿಡಿತ ಬಂದ್ರೆ ಸಾಕು, ಸಿಟ್ಟು ಮಾತ್ರ ಪೂರ್ತಿ ಬರ್ಬೇಕು. ಅಷ್ಟೇ ಪಂಕ್" ಎಂದಳು. ಮೂವತ್ತೆಂಟು ವರ್ಷದಿಂದ ಈ ಊರಿನ ಸಣ್ಣ ಸಣ್ಣ ಬ್ಯಾಂಡುಗಳ ಕಾರ್ಯಕ್ರಮಕ್ಕೆ ಹೋಗಿ, ಮೊದಲ ಸಾಲಿನ ಎಡತುದಿಯಲ್ಲಿ ನಿಂತು, ಎಲ್ಲವನ್ನೂ ಕ್ಯಾಸೆಟ್ಟಿಗೆ ಹಿಡಿದಿಟ್ಟಿದ್ದಾಳೆ. ಮನೆಯ ಮಂಚದ ಕೆಳಗೆ, ಬೀರುವಿನ ಮೇಲೆ, ಅಡುಗೆಮನೆಯ ಡಬ್ಬಗಳ ಹಿಂದೆ ಸಾವಿರದ ನೂರ ನಲವತ್ತು ಕ್ಯಾಸೆಟ್ಟುಗಳಿವೆ.

ಈಗೆರಡು ವರ್ಷದಿಂದ ಹೆಗಲ ಚೀಲದಲ್ಲಿ ಸದಾ ಹೊಸ ಬ್ಯಾಟರಿ ಸೆಲ್ಲುಗಳು. ಯಾವುದೋ ಹುಡುಗನ ಗಿಟಾರಿನ ಸದ್ದಿನ ಪೆಟ್ಟಿಗೆ ಹಾಡಿನ ನಡುವೆ ಕೈಕೊಟ್ಟರೆ, ಯಾರದೋ ಮೈಕು ಉಸಿರು ಬಿಟ್ಟರೆ, ಎಡತುದಿಯಿಂದ ಒಂದು ಕೈ ಸೆಲ್ಲು ಹಿಡಿದು ಮೇಲೇಳುತ್ತದೆ. ಅದಕ್ಕೇ ಬ್ಯಾಂಡಿನ ಹುಡುಗ ಹುಡುಗಿಯರೆಲ್ಲ ಅವಳನ್ನು ಕರೆಯುವುದು 'ಸೆಲ್ಲಕ್ಕ' ಎಂದು. ಈ ಅಕ್ಕನಿಗೆ ಸೆಲ್ಲಿನ ಹುಚ್ಚು ಯಾಕೆ ಹಿಡಿಯಿತು ಎಂದು ಅವರಲ್ಲಿ ಯಾರೂ ಕೇಳಿರಲಿಲ್ಲ. ನಾನು ಕೇಳಿದೆ. ಕೇಳಬಾರದಿತ್ತೇನೋ ಎಂದು ಆಮೇಲೆ ಅನ್ನಿಸಿತು.

ಐದೂಕಾಲಿಗೆ ಡಿಪೋದ ಗೇಟಿನ ಪಕ್ಕದ ಗಾಜಿನ ಗೂಡಿನಲ್ಲಿ ದೀಪ ಹತ್ತುತ್ತದೆ. ಅಲ್ಲಿ ಕೂತವರು ಟೈಮ್ ಕೀಪರು, ಯಾವ ಬಸ್ಸು ಎಷ್ಟು ಹೊತ್ತಿಗೆ ಹೊರಟಿತು ಎಂದು ಬರೆದುಕೊಳ್ಳುವವರು. ಬಲಗೈ ಮಣಿಕಟ್ಟಿಗೆ ಚರ್ಮದ ಪಟ್ಟಿ ಬಿಗಿದುಕೊಂಡು ಎಡಗೈಯಲ್ಲಿ ಬರೆಯುತ್ತಾರೆ. ಸೆಲ್ಲಕ್ಕನ ಸ್ವಂತ ಅಣ್ಣ. ಒಂದು ಕಾಲದಲ್ಲಿ 'ತುಕ್ಕು' ಎಂಬ ಬ್ಯಾಂಡಿನ ಡ್ರಮ್ಮರ್.

'ತುಕ್ಕು' ಹೆಸರು ಈ ಸಂಗೀತದ ಗೀಳಿರುವವರಿಗೆ ಹೊಸದೇನಲ್ಲ. ಅದರಿಂದ ಉಳಿದದ್ದು ಒಂದೇ ಒಂದು ಧ್ವನಿಮುದ್ರಣ, ಮೂವತ್ತಾರು ವರ್ಷದ ಹಿಂದೆ ಒಂದು ಗೋದಾಮಿನಲ್ಲಿ ನಡೆದ ಕಾರ್ಯಕ್ರಮದ್ದು. ಒಬ್ಬರಿಂದ ಒಬ್ಬರಿಗೆ ನಕಲಾಗಿ ಎಲ್ಲೆಲ್ಲಿಗೋ ಹೋದ ಕ್ಯಾಸೆಟ್ಟು ಅದು. ಅದರ ವೇಗದ ಬಗ್ಗೆ ಕಥೆಗಳೇ ಹುಟ್ಟಿವೆ. 'ಹಾಡಿನಿಂದ ಹಾಡಿಗೆ ಉನ್ಮಾದ ಏರುತ್ತಾ ಹೋಗುತ್ತದೆ, ಕೊನೆಯ ಹಾಡಿನಲ್ಲಿ ಡ್ರಮ್ಮರ್ ಮನುಷ್ಯನೇ ಅಲ್ಲ' ಎಂದು ಒಬ್ಬ ವಿಮರ್ಶಕರು ಬರೆದಿದ್ದರು. ಆ ಕ್ಯಾಸೆಟ್ಟು ಈಗ ದೊಡ್ಡ ಕಪ್ಪು ಗ್ರಾಮಫೋನ್ ತಟ್ಟೆಯಾಗಿ, ದಪ್ಪ ಹೊದಿಕೆಯೊಳಗೆ ಮಾರಾಟಕ್ಕೆ ಬಂದಿದೆ. ಹೊದಿಕೆಯ ಹಿಂದೆ ಸಣ್ಣ ಅಕ್ಷರದಲ್ಲಿ, 'ಧ್ವನಿಮುದ್ರಣ: ಅನಾಮಧೇಯ ಅಭಿಮಾನಿ'.

ಆ ಅನಾಮಧೇಯ ಅಭಿಮಾನಿ ಬೂಟಿನೊಳಗಿನ ನೀರು ಚೆಲ್ಲುತ್ತಾ ಹೇಳುತ್ತಾಳೆ: "ಈಗ ಎಲ್ಲರೂ 'ಆ ಕಾಲವೇ ಕಾಲ' ಅಂತಾರೆ. ಹೊಟ್ಟೆ ಮೇಲೆ 'ತುಕ್ಕು' ಅಂತ ಬರೆದ ಅಂಗಿ ಹಾಕ್ಕೊಂಡು ಬರ್ತಾರೆ. ಆವತ್ತು ಗೋದಾಮಿನಲ್ಲಿ ಇದ್ದಿದ್ದು ನಲವತ್ತೊಂದು ಜನ, ನಾನೇ ಎಣಿಸಿದೀನಿ. ಈಗ 'ನಾನೂ ಇದ್ದೆ' ಅನ್ನೋರನ್ನೆಲ್ಲ ಕೂರಿಸಿದ್ರೆ ನಮ್ಮ ಡಿಪೋದ ಬಸ್ಸುಗಳು ಸಾಲೋದಿಲ್ಲ. ಆ ಕಾಲ ಅಷ್ಟು ಇಷ್ಟ ಇದ್ರೆ ಇವತ್ತಿನ ಮಕ್ಕಳ ಹಾಡು ಕೇಳೋಕೆ ಬರ್ಲಿ ನೋಡೋಣ. ಶೆಡ್ಡಿನಲ್ಲಿ ಹದಿನಾಲ್ಕು ಜನ ಇದ್ದರೆ ಹಬ್ಬ ನಮಗೆ."

ಗೋದಾಮಿನಲ್ಲಿ ಇದ್ದದ್ದು ಒಂದೇ ಪ್ಲಗ್ಗು, ಅದು ಗಿಟಾರಿನವರಿಗೆ ಹೋಯಿತು. ಅವಳ ಟೇಪ್ ರೆಕಾರ್ಡರಿಗೆ ನಾಲ್ಕು ದಪ್ಪ ಸೆಲ್ಲು ಬೇಕು. ಹತ್ತೊಂಬತ್ತರ ಹುಡುಗಿಯ ಕೈಯಲ್ಲಿ ಹೊಸ ಸೆಲ್ಲಿಗೆ ಕಾಸಿರಲಿಲ್ಲ. ಕಾಸಿಲ್ಲದವರು ಆಗ ಏನು ಮಾಡುತ್ತಿದ್ದರೋ ಅದನ್ನೇ ಮಾಡಿದಳು. ಹಳೇ ಸೆಲ್ಲುಗಳನ್ನು ಕಿಟಕಿಯ ಕಟ್ಟೆ ಮೇಲೆ ಸಾಲಾಗಿ ಬಿಸಿಲಿಗಿಟ್ಟಳು. ಸಂಜೆಗೆ ಅವು ಬೆಚ್ಚಗಾಗಿ ಒಂದಿಷ್ಟು ಜೀವ ತಂದುಕೊಂಡವು. ರೆಕಾರ್ಡರಿನ ಕೆಂಪು ದೀಪ ಹತ್ತಿತು.

ದೀಪವೇನೋ ಹತ್ತಿತು. ಆದರೆ ಬಿಸಿಲಿನ ಜೀವ ಎಷ್ಟು ಹೊತ್ತು ತಡೆದೀತು? ಹಾಡು ಮುಂದುವರಿದಂತೆ ಸೆಲ್ಲು ಸೊರಗಿತು, ಟೇಪು ನಿಧಾನವಾಗಿ ಸುತ್ತತೊಡಗಿತು. ನಿಧಾನವಾಗಿ ಸುತ್ತಿ ಹಿಡಿದ ಹಾಡನ್ನು ಮನೆಯ ಕರೆಂಟಿಗೆ ಹಾಕಿ ಸರಿಯಾದ ವೇಗದಲ್ಲಿ ಓಡಿಸಿದರೆ ಅದು ಓಟ ಕೀಳುತ್ತದೆ. ಮೊದಲ ಹಾಡು ಸ್ವಲ್ಪ, ಕೊನೆಯದು ವಿಪರೀತ. ವಿಮರ್ಶಕರ 'ಉನ್ಮಾದ' ಇಷ್ಟೇ. ನಾಲ್ಕು ಮುದಿ ಸೆಲ್ಲುಗಳ ಕೊನೆಯುಸಿರು.

ಯಾರಿಗೂ ಗೊತ್ತಾಗಲಿಲ್ಲವೇ? ಇಲ್ಲ. ತಮ್ಮ ದನಿ ಟೇಪಿನಲ್ಲಿ ಎಲ್ಲರಿಗೂ ಬೇರೆಯಾಗಿಯೇ ಕೇಳುತ್ತದೆ. "ಆವತ್ತು ನಾವು ಮೈಮರೆತು ಬಾರಿಸಿದ್ವಿ" ಎಂದು ಬ್ಯಾಂಡಿನವರು ತಮಗೆ ತಾವೇ ಬೆನ್ನು ತಟ್ಟಿಕೊಂಡರು. ಕ್ಯಾಸೆಟ್ಟು ಊರೆಲ್ಲ ಸುತ್ತಿತು. ಅದನ್ನು ಕೇಳಿ ಬಂದವರು ಪ್ರತಿ ಕಾರ್ಯಕ್ರಮದಲ್ಲೂ ಕೂಗಿದರು, "ಟೇಪಿನ ಥರ ಬಾರಿಸ್ರೋ!"

ಅಣ್ಣ ಟೇಪಿನ ಥರ ಬಾರಿಸಲು ಹೊರಟ. ಕೆಲಸ ಮುಗಿಸಿ ಬಂದವನೇ ಹಾಸಿಗೆ ಸುತ್ತಿ ಮುಂದಿಟ್ಟುಕೊಂಡು, ತಂಗಿಯ ಕ್ಯಾಸೆಟ್ಟು ಹಾಕಿಕೊಂಡು, ಅದರ ಜೊತೆಗೆ ಹೊಡೆಯುತ್ತಿದ್ದ. ಒಂದೂವರೆ ವರ್ಷ. ಹಾಸಿಗೆಯ ಹತ್ತಿ ಹೊರಬಂತು. ಮಣಿಕಟ್ಟು ಊದಿಕೊಂಡಿತು. ತಾನೇ ಬಾರಿಸಿದ್ದನ್ನು ತಾನೇ ಯಾಕೆ ಬಾರಿಸಲಾರೆ ಎಂದು ತಾಯಿಯ ಮುಂದೆ ಕೂತು ಅತ್ತನಂತೆ.

"ಆಮೇಲೊಂದು ದಿನ ಬ್ಯಾಂಡಿನ ಹಾಡುಗಾರ ಮನೆಗೆ ಬಂದ" ಎನ್ನುವಾಗ ಸೆಲ್ಲಕ್ಕನ ದನಿ ತಗ್ಗುತ್ತದೆ. "ಟೇಪ್ ಹಾಕಿ ಕೇಳಿಸಿದ. 'ಇದು ನೀನು. ಈಗ ನೀನು ಇದಲ್ಲ' ಅಂದ. ಅಣ್ಣ ನನ್ನ ಮುಖ ನೋಡಿದ. 'ನೀನು ಹೇಳು, ನಿನ್ನ ಕಿವಿ ಸುಳ್ಳು ಹೇಳಲ್ಲ' ಅಂದ. ನಾನು... 'ಹೌದಣ್ಣ, ನೀನು ನಿಧಾನ ಆಗಿದೀಯ' ಅಂದೆ."

ಕೋಲುಗಳನ್ನು ಅವನು ಅವತ್ತೇ ಬೀರುವಿನ ಹಿಂದೆ ಎಸೆದ. ಆಗ ಅವನಿಗೆ ಇಪ್ಪತ್ತನಾಲ್ಕು. ಮನೆಯಲ್ಲಿ ಅಣ್ಣ ಇರುವಷ್ಟು ಹೊತ್ತು ಯಾವ ಹಾಡೂ ಕೇಳಬಾರದು ಎಂಬುದು ಹೇಳದೇ ಆದ ಕಟ್ಟಳೆ. ಒಬ್ಬಳೇ ತಂಗಿ, ಒಬ್ಬನೇ ಅಣ್ಣ, ಎರಡು ಕೋಣೆ, ಸಾವಿರಕ್ಕೂ ಮಿಕ್ಕಿದ ಕ್ಯಾಸೆಟ್ಟು. ಅವಳ ಹಾಡೆಲ್ಲ ಡಿಪೋದ ನೀರಿನ ಸದ್ದಿನೊಳಗೆ, ಎಡಗಿವಿಯಲ್ಲಿ.

ನಿಜ ಗೊತ್ತಾದದ್ದು ಎರಡು ವರ್ಷದ ಹಿಂದೆ. 'ಒದ್ದೆ ಬೆಂಕಿಪೊಟ್ಟಣ'ದ ಗಿಟಾರಿನ ಹುಡುಗಿ ತುಕ್ಕಿನ ಕೊನೆಯ ಹಾಡು ಕಲಿಯಬೇಕೆಂದು ಬಂದು ಮೂಲ ಕ್ಯಾಸೆಟ್ಟು ಕೇಳಿದಳು. "ಅಕ್ಕಾ, ಇದರ ಸ್ವರ ನನ್ನ ಗಿಟಾರಿನ ಯಾವ ಮನೆಗೂ ಕೂರ್ತಿಲ್ಲ. ಎರಡು ಮನೆ ನಡುವೆ ನೇತಾಡ್ತಿದೆ" ಎಂದಳು. ಹಾಡು ಮುಗಿದ ಮೇಲೆ ಟೇಪಿನಲ್ಲಿ ಯಾರೋ "ಅಣ್ಣಾ, ಸೂಪರ್!" ಎಂದು ಕಿರುಚುತ್ತಾರೆ.

"ಇದ್ಯಾರಕ್ಕಾ, ಪುಟ್ಟ ಮಗು?"

"ಮಗು ಅಲ್ವೇ, ನಾನೇ. ಹತ್ತೊಂಬತ್ತು ವರ್ಷ ನನಗಾಗ."

"ಹೋಗಕ್ಕಾ! ಐದು ವರ್ಷದ ಮಗು ಥರ ಇದೆ."

ಮೂವತ್ನಾಲ್ಕು ವರ್ಷದಲ್ಲಿ ನೂರಾರು ಸಲ ಕೇಳಿದ ಟೇಪು. ಪ್ರತಿ ಸಲವೂ 'ಆಗ ನಾನು ಎಷ್ಟು ಚಿಕ್ಕವಳಿದ್ದೆ' ಎಂದು ಖುಷಿಪಟ್ಟಿದ್ದಳಂತೆ. ಅವತ್ತು ಮೊದಲ ಬಾರಿಗೆ ಕಿಟಕಿ ಕಟ್ಟೆಯ ಮೇಲಿನ ನಾಲ್ಕು ಸೆಲ್ಲು ನೆನಪಾದವು. ಹುಡುಗಿ ಕಂಪ್ಯೂಟರಿನಲ್ಲಿ ಟೇಪನ್ನು ನಿಧಾನ ಮಾಡುತ್ತಾ ಹೋದಳು. ಕಿರುಚಾಟ ಹತ್ತೊಂಬತ್ತರ ಹುಡುಗಿಯದಾದ ಜಾಗದಲ್ಲಿ ನಿಲ್ಲಿಸಿದರು. ಅಲ್ಲಿ ಅಣ್ಣ ಬಾರಿಸುತ್ತಿದ್ದ. ಅವಸರವಿಲ್ಲದೆ, ಗೋಡೆ ಕಟ್ಟುವವನ ಹಾಗೆ. ಒಂದು ಪೆಟ್ಟೂ ಆಚೀಚೆ ಇರಲಿಲ್ಲ.

ಹೇಳಲು ಅವಳಿಗೆ ಎರಡು ವರ್ಷ ಬೇಕಾಯಿತು. ಕಳೆದ ತಿಂಗಳು ಡಿಪೋದ ಎದುರಿನ ಗೋಡೆಗೆ ದೊಡ್ಡ ಪೋಸ್ಟರು ಬಿತ್ತು. 'ತುಕ್ಕು' ಮತ್ತೆ ಒಂದಾಗುತ್ತಿದೆ, ಅದೇ ವೇಗ, ಅದೇ ಕಿಚ್ಚು. ಡ್ರಮ್ಸಿಗೆ ಇಪ್ಪತ್ತನಾಲ್ಕರ ಹೊಸ ಹುಡುಗ, ಟೇಪಿನ ವೇಗಕ್ಕೆ ಬಾರಿಸಬಲ್ಲವನಂತೆ. ಅಣ್ಣ ಗಾಜಿನ ಗೂಡಿನಲ್ಲಿ ಕೂತು ದಿನವೂ ಅದನ್ನೇ ನೋಡಬೇಕು. ಅವತ್ತು ಮನೆಗೆ ಹೋಗಿ ಟೀ ಲೋಟ ಮುಂದಿಟ್ಟು ಹೇಳಿಬಿಟ್ಟಳು.

ಅದಾಗಿ ನಾಲ್ಕನೆಯ ದಿನ, ಬಸ್ಸೊಂದು ಗೇಟು ದಾಟುವಾಗ, ಗೂಡಿನ ಕಿಂಡಿಯಿಂದ ಅಣ್ಣ ಕೇಳಿದ್ದು ಒಂದೇ ಮಾತು: "ಹಾಗಾದ್ರೆ ನಾನು ನಿಧಾನ ಆಗಿರ್ಲಿಲ್ಲ?"

ಸೆಲ್ಲಕ್ಕ ತುಕ್ಕಿನ ಹಾಡುಗಾರನಿಗೆ ಎಲ್ಲ ತಿಳಿಸಿ ಪತ್ರ ಬರೆದಳು. ಅವರು ಫೋನು ಮಾಡಿದರು. "ಬಿಡು ತಂಗಿ, ಆ ಸ್ಪೀಡೇ ನಮ್ಮ ಹೆಸರು. ಅದನ್ನ ಇಳಿಸಿದ್ರೆ ನಮ್ಮ ಹತ್ರ ಇನ್ನೇನಿದೆ? ನಿನಗೂ ಅಣ್ಣನಿಗೂ ಎರಡು ಪಾಸ್ ಕಳಿಸ್ತೀನಿ, ಬನ್ನಿ." ಪಾಸು ಬಂತು, ಕೊನೆಯ ಸಾಲಿನದು. ನಾನೂ ಅವರಿಗೆ ಫೋನು ಮಾಡಿ ಕೇಳಿದೆ. "ಸೆಲ್ಲಿನ ವಿಷಯ ಬರೆಯಬೇಡಿ ಅಂತ ನಾನು ಹೇಳೋದಿಲ್ಲ. ಆದರೆ ಓದಿದ ಮೇಲೂ ಜನ ಆ ತಟ್ಟೆನೇ ಕೊಳ್ತಾರೆ, ನೋಡ್ತಿರಿ" ಎಂದರು. ಅವರ ಮಾತು ಸುಳ್ಳಾಗುತ್ತದೆ ಎಂದು ಹೇಳುವ ಧೈರ್ಯ ನನಗಿಲ್ಲ.

ಗೂಡಿನ ಬಳಿ ಹೋಗಿ, ತಂಗಿಯ ಮೇಲೆ ಸಿಟ್ಟಿದೆಯೇ ಎಂದು ಅಣ್ಣನನ್ನು ಕೇಳಿದೆ. ಗಡಿಯಾರ ನೋಡಿ, ಐದೂ ನಲವತ್ತರ ಬಸ್ಸು ಬರೆದುಕೊಂಡು, ಆಮೇಲೆ ಉತ್ತರಿಸಿದರು. "ಅವಳೇನು ಮಾಡಿದ್ಲು? ಸೆಲ್ಲು ಬಿಸಿಲಿಗಿಟ್ಟಳು, ಎಲ್ಲರೂ ಇಡ್ತಿದ್ರು. ನಾನು ಟೇಪನ್ನ ನಂಬಿದೆ, ನನ್ನ ಕೈನ ನಂಬಲಿಲ್ಲ. ಯಾರನ್ನ ಬೈಯ್ಲಿ?" ಬೆಂಕಿಪೊಟ್ಟಣದ ಹುಡುಗಿಯರು ಆ ಹಾಡನ್ನು ನಿಜವಾದ ವೇಗದಲ್ಲಿ ಹಾಡುತ್ತಾರಂತೆ, ನೀವು ಬಂದು ಒಂದೆರಡು ಪೆಟ್ಟಾದರೂ ಹಾಕಬೇಕಂತೆ ಎಂದೆ. ಚರ್ಮದ ಪಟ್ಟಿಯ ಕೈಯನ್ನು ಮೇಜಿನ ಕೆಳಗೆ ಇಳಿಸಿದರು. "ಬೇಡ. ಈ ಕೈಯಲ್ಲಿ ಈಗ ಲೋಟ ಹಿಡಿಯೋಕಾಗಲ್ಲ. ಹುಡುಗೀರು ಚೆನ್ನಾಗಿರ್ಲಿ."

ಎಂಟು ಗಂಟೆಗೆ ಇಪ್ಪತ್ತೆರಡನೆಯ ಬಸ್ಸು ಮುಗಿಯುತ್ತದೆ. ಸೆಲ್ಲಕ್ಕ ಕೈ ಒರೆಸಿಕೊಂಡು ಹೆಗಲ ಚೀಲದಿಂದ ಒಂದು ಕಂತೆ ಚೀಟಿ ತೆಗೆಯುತ್ತಾಳೆ, ಕೈಬರಹದ ಜೆರಾಕ್ಸು. ಪೇಟೆಯ ಹಾಡಿನ ತಟ್ಟೆಗಳ ಅಂಗಡಿಗೆ ಗಿರಾಕಿಯ ಹಾಗೆ ಹೋಗಿ, ತುಕ್ಕಿನ ಒಂದೊಂದೇ ಹೊದಿಕೆಯೊಳಗೆ ಇದನ್ನು ತೂರಿಸಿ ಬರುವುದು ಅವಳ ಈಗಿನ ಕೆಲಸ. ಅಂಗಡಿಯಲ್ಲಿದ್ದದ್ದು ನಲವತ್ತು. ಮೂವತ್ತೊಂದಕ್ಕೆ ತೂರಿಸುವಷ್ಟರಲ್ಲಿ ಮಾಲೀಕ ನೋಡಿ ಹೊರಗೆ ಕಳಿಸಿದ.

"ಇನ್ನು ಒಂಬತ್ತು ಉಳಿದಿದೆ. ಭಾನುವಾರ ಅಂಗಡಿಯಲ್ಲಿ ಅವನ ಅಳಿಯ ಕೂತಿರ್ತಾನೆ. ಅವನು ಫೋನಿನಿಂದ ತಲೆ ಎತ್ತೋದೇ ಇಲ್ಲ" ಎಂದು ಕಣ್ಣು ಹೊಡೆಯುತ್ತಾಳೆ. ಚೀಟಿಯಲ್ಲಿ ನಿಮ್ಮ ಹೆಸರು ಹಾಕಿಲ್ಲವಲ್ಲ ಎಂದರೆ, "ನನ್ನ ಹೆಸರು ಯಾಕೆ? ಸೆಲ್ಲು ಬಿಸಿಲಿಗಿಟ್ಟವಳು ಅಂತಲಾ?" ಎನ್ನುತ್ತಾಳೆ.

ನನ್ನ ಕೈಗೂ ಒಂದು ಚೀಟಿ ಬಂತು. ಜೆರಾಕ್ಸಿನದಲ್ಲ, ಭಾನುವಾರಕ್ಕೆಂದು ಹೊಸದಾಗಿ ಬರೆದ ಪ್ರತಿ. 'ಆವತ್ತು ಸೆಲ್ಲು ವೀಕಾಗಿತ್ತು. ಹಾಡು ಇಷ್ಟು ಜೋರಾಗಿ ಓಡಿರಲಿಲ್ಲ. ಡ್ರಮ್ಮರ್ ಚೆನ್ನಾಗಿ ಬಾರಿಸಿದ್ದ.' ಅದರಲ್ಲಿ 'ಚೆನ್ನಾಗಿ' ಎಂಬುದರ ಮೇಲೆ ಒಂದು ಗೆರೆ ಎಳೆದಿದೆ. ಮೇಲೆ ಬೇರೆ ಶಾಯಿಯಲ್ಲಿ, ಬಸ್ಸಿನ ಹೊತ್ತು ಬರೆಯುವ ಎಡಗೈಯ ವಾಲಿದ ಅಕ್ಷರದಲ್ಲಿ, 'ಸರಿಯಾಗಿ' ಎಂದು ತಿದ್ದಿದೆ.