ಸಂಗಮ್ಮನ ಐರಾಣಿ

ಮದುವೆಯ ಮನೆಯವರು ವಾಲಗದೊಂದಿಗೆ ಬಂದು ಕುಂಬಾರರ ಮನೆಯಿಂದ ಒಯ್ಯುವ ಬಣ್ಣದ ಗಡಿಗೆಗಳೇ ಐರಾಣಿ. ಹುಮನಾಬಾದಿನಲ್ಲಿ ಅವು ಸಂಗಮ್ಮನ ಕೈಯವೇ ಆಗಬೇಕಿತ್ತು. ಮೋರಖಂಡಿಯಿಂದ ಸೊಸೆಯಾಗಿ ಬಂದವಳಿಗೆ ಅತ್ತೆ ಕಲಿಸಿದ ವಿದ್ಯೆ. ಗಡಿಗೆ ತಿರುವುವ ತಿಗರಿ ಗಂಡಸರದು, ಹೆಂಗಸು ಮುಟ್ಟುವಂತಿಲ್ಲ. ಮಣ್ಣು ಹೊರುವುದು, ತುಳಿಯುವುದು, ಹಸಿ ಗಡಿಗೆಯ ತಳ ತಟ್ಟುವುದು, ಗಡಿಗೆ ಸುಡುವ ಆವಿಗೆಗೆ ಕುಳ್ಳು ಒಟ್ಟುವುದು, ಆಮೇಲೆ ಎಲ್ಲರಿಗೂ ರೊಟ್ಟಿ ಬಡಿಯುವುದು ಹೆಂಗಸಿನದು. ಈಚಲ ಕಡ್ಡಿಯ ತುದಿ ಜಗಿದು, ಸುಣ್ಣ ಬಳಿದ ಗಡಿಗೆಯ ಮೇಲೆ ಕೆಮ್ಮಣ್ಣಿನ ಗೆರೆ ಎಳೆಯಲು ಕೂತಾಗ ಮಾತ್ರ ಅವಳನ್ನು ಯಾರೂ ಕೆಲಸಕ್ಕೆ ಕರೆಯುತ್ತಿರಲಿಲ್ಲ.

ಅವಳಿಗೆ ಮೂವತ್ತನಾಲ್ಕು ವಯಸ್ಸಾದಾಗ ಗಂಡ ಬಕ್ಕಪ್ಪ ವಾಂತಿಭೇದಿಯಾಗಿ ತೀರಿಕೊಂಡ. ವಿಧವೆ ಬರೆದ ಐರಾಣಿಯನ್ನು ಯಾರು ಒಯ್ದಾರು? ಮೈದುನ ವೈಜಿನಾಥ ದಾರಿ ಹುಡುಕಿದ. ಸಂಗಮ್ಮ ಒಳಕೋಣೆಯ ಬಾಗಿಲು ಹಾಕಿಕೊಂಡು ಬರೆಯುವುದು, ಅವನ ಹೆಂಡತಿ ಭಾಗಮ್ಮ ಕೈಗೆ ಕೆಮ್ಮಣ್ಣು ಹಚ್ಚಿಕೊಂಡು ಹೊರಗೆ ಕೂಡುವುದು. ಬಂದವರು ಕುಪ್ಪಸದ ಖಣವಿಟ್ಟು ಭಾಗಮ್ಮನ ಉಡಿ ತುಂಬಿ ಹೊಗಳುವರು. ಅವಳು ಆ ಖಣವನ್ನು ತಂದು ಸಂಗಮ್ಮನ ಮುಂದಿಡುವಳು, ಸಂಗಮ್ಮ ಹಿಂದಕ್ಕೆ ಸರಿಸುವಳು. ಕತ್ತಲಲ್ಲಿ ಗೆರೆ ಕಾಣುತ್ತಿರಲಿಲ್ಲ, ಬೆರಳಿನ ಅಂದಾಜೇ ಗತಿ. ಕಡ್ಡಿಯಾದರೂ ಕೈಯಲ್ಲಿದೆಯಲ್ಲ ಎಂದುಕೊಂಡು ಏಳು ವರ್ಷ ಕಳೆದಳು.

ಭಾಗಮ್ಮ ಹೆರಿಗೆಗೆಂದು ಘಾಟಬೋರಾಳದ ತವರಿಗೆ ಹೋದಾಗಲೇ ಅರಿವೆ ಅಂಗಡಿಯ ಶಕುಂತಲಾಬಾಯಿ ಕಿರಿಯ ಮಗಳ ಮದುವೆಗೆ ಐರಾಣಿ ಮಾಡಿಕೊಡಲು ಹೇಳಿದಳು. ಈ ಸಲ ತಾನೇ ಬರೆಯುವುದಾಗಿ ವೈಜಿನಾಥ ಮಾತು ಕೊಟ್ಟು ಬಂದ.

“ನಾ ಬರದೀನಿ ಅಂತೀನಿ, ವೈನಿ. ಗಂಡಸಿನ ಕೈಗೆ ಅಪಶಕುನ ಎಲ್ಲೀದು?”

ಸಂಗಮ್ಮ ಕಡ್ಡಿಯ ತುದಿ ಜಗಿಯುತ್ತ ಯೋಚಿಸಿದಳು. ಭಾಗಮ್ಮನಾದರೆ ಖಣವನ್ನಾದರೂ ಮುಂದಿಡುತ್ತಿದ್ದಳು. ಇವನ ಹೆಸರು ಒಮ್ಮೆ ಹತ್ತಿತೆಂದರೆ ಗೆರೆಯೂ ತಿಗರಿಯ ಹಾಗೆ ಗಂಡಸಿನದೇ ಆಗುತ್ತದೆ. ವಾಲಗದ ಸದ್ದು ಓಣಿಗೆ ಬಂದಾಗ ಅವಳು ಕೊನೆಯ ಗಡಿಗೆಯನ್ನು ಹೊರಗಿನ ಕಟ್ಟೆಗೆ ತಂದು ಎಲ್ಲರೆದುರು ಬರೆಯತೊಡಗಿದಳು.

ಶಕುಂತಲಾಬಾಯಿ ಅಲ್ಲೇ ನಿಂತಳು. “ಇದೇನವಾ? ನೀ ಮುಟ್ಟಬಹುದೇನು?”

“ಇಷ್ಟ ವರ್ಷ ನಾನೇ ಬರದೀನ್ರಿ, ಬಾಯಾರ. ನಿಮ್ಮ ಹಿರಿ ಮಗಳ ಐರಾಣೀನೂ ನನ್ನ ಕೈದೇ. ಅಕಿ ಚಂದಾಗೇ ಸಂಸಾರ ಮಾಡಾಕತ್ತಾಳಲ್ರಿ?”

ಶಕುಂತಲಾಬಾಯಿಯ ಮುಖ ಬಿಳಚಿತು. ಹಿರಿ ಮಗಳ ಕೂಸು ಹೋದ ತಿಂಗಳು ಕಲ್ಯಾಣದ ಅತ್ತೆಮನೆಯಲ್ಲಿ ತೀರಿಕೊಂಡದ್ದು ಸಂಗಮ್ಮನ ಕಿವಿಗೆ ಬಿದ್ದಿರಲಿಲ್ಲ.

“ಹಂಗಾದ್ರ ಅದು ನಿನ್ನ ಕೈಗುಣ,” ಎಂದಳು ಶಕುಂತಲಾಬಾಯಿ, ಮೆಲ್ಲಗೆ. ವಾಲಗದವರು ಸದ್ದಿಲ್ಲದೆ ಹಿಂದೆ ತಿರುಗಿದರು.

ಎರಡೇ ದಿನದಲ್ಲಿ ಊರಿನ ದುಃಖಗಳೆಲ್ಲ ಸಂಗಮ್ಮನ ಲೆಕ್ಕಕ್ಕೆ ಬಂದವು. ಒಬ್ಬಳಿಗೆ ಗರ್ಭ ನಿಂತಿರಲಿಲ್ಲ, ಒಬ್ಬಳ ಗಂಡ ಕುಡುಕನಾಗಿದ್ದ. ಮದುವೆಯ ನಂತರವೂ ಕಾಯ್ದಿಟ್ಟಿದ್ದ ಐರಾಣಿಯನ್ನು ಮನೆಯಲ್ಲಿಟ್ಟುಕೊಳ್ಳಲು ಭಯ, ಒಡೆಯಲು ಇನ್ನೂ ಭಯ. ಹೆಂಗಸರು ಸೆರಗಿನಲ್ಲಿ ಮುಚ್ಚಿ ತಂದು ಕುಂಬಾರರ ಅಂಗಳದಲ್ಲಿ ಇಟ್ಟುಹೋದರು.

ಅಂಗಳ ತುಂಬಿತು. ವೈಜಿನಾಥ ಬಡಿಗೆ ತಂದು ಸಂಗಮ್ಮನ ಕೈಗೆ ಕೊಟ್ಟ. ಒಡೆಯುವುದಕ್ಕೆ ಆ ಕೈ ನಡೆಯುತ್ತಿತ್ತು.

ಸಂಗಮ್ಮ ಬಡಿಗೆಯನ್ನು ಪಕ್ಕಕ್ಕಿಟ್ಟು ಒಂದು ಗಡಿಗೆಯನ್ನು ಬಿಸಿಲಿಗೆ ತಿರುಗಿಸಿದಳು. ಕತ್ತಲಲ್ಲಿ ಬರೆದ ಗಿಳಿಯೊಂದರ ಕೊಕ್ಕು ಗೆರೆ ದಾಟಿ ಹೊರಗೆ ಬಂದಿತ್ತು.

“ಲಗೂ ಮುಗಸು, ವೈನಿ.”

“ತಡಿ, ವೈಜಿನಾಥ. ಬೆಳಕ್ನಾಗ ಇವನ್ನ ನಾ ನೋಡೇ ಇಲ್ಲ.”