ಉಚ್ಚಾರಣೆ ಮೇಷ್ಟ್ರು
ಇಂಗ್ಲಿಷ್ ಉಚ್ಚಾರಣೆ ಕಲಿಸುವ ಮೇಷ್ಟ್ರಿಗೆ ಮನುಷ್ಯರೆಂದರೆ ಬರೀ ಬಾಯಿ. ಅಂಚೆಯವನನ್ನೂ ಬಾಗಿಲಲ್ಲೇ ನಿಲ್ಲಿಸಿ, "ನಾಲಿಗೆ ಹಲ್ಲಿಗೆ ತಾಗಿಸಪ್ಪ" ಎನ್ನುತ್ತಿದ್ದರು. ಯಾರೇನು ನುಡಿದರೂ ಆ ಸದ್ದನ್ನು ಉಚ್ಚಾರಣೆಯ ತಲೆಕೆಳಗಾದ, ಕೊಕ್ಕೆ ಹಾಕಿದ ಚಿಹ್ನೆಗಳಲ್ಲಿ ಬರೆದು ತಿದ್ದುತ್ತಿದ್ದರು; ಗೋಡೆಯನ್ನೂ ಬಿಟ್ಟವರಲ್ಲ. ಹೆಂಡತಿಗೆ ಅವೆಲ್ಲ ಇರುವೆಸಾಲು. ಅವಳು ಊಟಕ್ಕೆ ಮೂರು ಸಲ ಕೂಗಿದರೂ ಅವರು ತಲೆಯೆತ್ತರು. "ಊರವರ ಸದ್ದೆಲ್ಲ ಕೇಳ್ಸುತ್ತೆ, ನನ್ನದೊಂದು ಬಿಟ್ಟು" ಎಂದು ಗೊಣಗುತ್ತಲೇ ಅವಳು ಮುದುಕಿಯಾದಳು. ಅವರು ತೀರಿಹೋದ ತಿಂಗಳಿಗೆ ಅವಳನ್ನು ನೋಡಲು ಬಂದ, ಆ ಚಿಹ್ನೆಗಳನ್ನು ಕಲಿತಿದ್ದ ಹಳೆಯ ಶಿಷ್ಯೆಯೊಬ್ಬಳು, ಅವರ ಖಾಲಿ ಕುರ್ಚಿಯ ಪಕ್ಕ ಗೋಡೆಯ ಮೇಲಿದ್ದ ಸಾಲೊಂದನ್ನು ಬಾಯಿಬಿಟ್ಟು ಓದಿದಳು: "ರೀ... ಊಟಕ್ಕೆ ಬನ್ನೀ!" ಅದೇ ಎಳೆತ, ಕೊನೆಗೆ ಅದೇ ಸಿಡುಕು. ಅದರಲ್ಲಿ ಒಂದಕ್ಷರವನ್ನೂ ಮೇಷ್ಟ್ರು ತಿದ್ದಿರಲಿಲ್ಲ. "ಕೇಳಿಸ್ಕೊಂಡೇ ಕೂತಿದ್ರಾ, ಮಹಾನುಭಾವ!" ಎಂದು ಹೆಂಡತಿ ಆ ಕುರ್ಚಿಯನ್ನೇ ಗದರಿದಳು. ಆಮೇಲೆ ಶಿಷ್ಯೆಯ ಕೈ ಹಿಡಿದು, "ಇನ್ನೊಂದ್ಸಲ ಓದಮ್ಮ" ಎಂದಳು.