ನನ್ನ ಚಪ್ಪಲಿಯ ನಲವತ್ತಾರನೇ ಹೊಡೆತ

ಗಾಲ್ಫ್ ಎಂದರೆ ಕೆಲಸವಿಲ್ಲದವರು ತಾವೇ ಕಳೆದ ಚೆಂಡನ್ನು ತಾವೇ ಹುಡುಕುವ ಆಟ ಎಂದು ನಂಬಿದ್ದವಳು ನಾನು. ಅದರಿಂದಲೇ ಹೊಟ್ಟೆ ಹೊರೆದವರೊಬ್ಬರ ಪರಿಚಯವಾದದ್ದು ತೊಂಬತ್ತರ ದಶಕದ ಕೊನೆಗೆ, ಕುವೈತಿನ ಫಿಂಟಾಸಿನಲ್ಲಿ ಮಗಳ ಮನೆಯಲ್ಲಿದ್ದಾಗ. ಈಗ ಮೊಮ್ಮಗಳು ಫೋನಿನಲ್ಲಿ ಕನ್ನಡ ಒತ್ತುವುದನ್ನು ಕಲಿಸಿದ್ದಾಳೆ. ಒಂದು ತಪ್ಪೊಪ್ಪಿಗೆ ಬಾಕಿಯಿದೆ, ಒತ್ತುತ್ತೇನೆ.

ಆರ್ಥರ್ ಸಾಹೇಬರು ಇಂಗ್ಲೆಂಡಿನವರು, ಎಪ್ಪತ್ತು ದಾಟಿದವರು, ನಮ್ಮ ಅಳಿಯಂದಿರಿಗೆ ಗಾಲ್ಫ್ ಗುರು. ಐವತ್ತರ ದಶಕದಲ್ಲಿ ಅವರು ತಮ್ಮ ದೇಶದ ಕ್ಲಬ್ಬೊಂದರಲ್ಲಿ ಸಂಬಳದ ಆಟಗಾರ. ದೊಡ್ಡ ಮನುಷ್ಯರಿಗೆ ಆಟ ಕಲಿಸಬೇಕು, ಅವರ ಕೋಲು ರಿಪೇರಿ ಮಾಡಬೇಕು, ಒಳಗೆ ಬರುವುದು ಮಾತ್ರ ಹಿಂಬಾಗಿಲಿನಿಂದ. ನಮ್ಮಲ್ಲಿ ವಾಲಗವಿಲ್ಲದೆ ತಾಳಿ ಕಟ್ಟುವಂತಿಲ್ಲ, ಊದಿದವರಿಗೆ ಊಟ ಕೊನೆಯ ಪಂಕ್ತಿಯಲ್ಲಿ, ಹಾಗೆ. ಒಮ್ಮೆ ದೊಡ್ಡ ಪಂದ್ಯದಲ್ಲಿ ಎರಡನೆಯವರಾದರಂತೆ. ಗೆದ್ದವನ ಹೆಸರು ಕೇಳಿದರೆ ಮರೆತಿದೆ ಅನ್ನುತ್ತಿದ್ದರು. ಅವರು ಹೇಳಿದ ಸುಳ್ಳು ಅದೊಂದೇ ಇರಬೇಕು.

ಕುವೈತಿನಲ್ಲಿ ಅವರು ಕಲಿಸುತ್ತಿದ್ದ ಮೈದಾನದಲ್ಲಿ ಹುಲ್ಲಿಲ್ಲ, ಎಲ್ಲ ಮರಳು. ಕುಳಿಯ ಸುತ್ತ ಮಾತ್ರ ಮರಳಿಗೆ ಎಣ್ಣೆ ಬೆರೆಸಿ, ಸಾರಿಸಿದ ಅಂಗಳದಂತೆ ನುಣ್ಣಗೆ ಮಾಡಿರುತ್ತಾರೆ. ಚೆಂಡು ಸುಣ್ಣ ಬಳಿದ ಕಂಬಗಳ ಗಡಿಯೊಳಗೆ ಬಿದ್ದರೆ ಪ್ಲಾಸ್ಟಿಕ್ ಹುಲ್ಲಿನ ತುಂಡಿನ ಮೇಲಿಟ್ಟು ಹೊಡೆಯಬಹುದು. ಹೊರಗೆ ಬಿದ್ದರೆ ಬಿದ್ದಲ್ಲಿಂದಲೇ.

ಈ ಮೈದಾನದ ಕ್ಲಬ್ಬಿನ ಹೊಸ ಕಾರ್ಯದರ್ಶಿಗೆ ಮುದುಕ ಗುರು ಬೇಡವಾಗಿದ್ದರು. ಒಂಬತ್ತು ಕುಳಿ ನಲವತ್ತೈದು ಹೊಡೆತದೊಳಗೆ ಮುಗಿಸಿದರೆ ಇನ್ನೊಂದು ವರ್ಷ ಕೆಲಸ ಎಂಬುದು ಷರತ್ತು. ಇಲ್ಲವಾದರೆ ಇಕಾಮಾ ಖಲಾಸ್, ವಾಪಸ್ ಊರಿಗೆ. ಊರಿನಲ್ಲಿ ಅವರಿಗೆ ಯಾರೂ ಉಳಿದಿರಲಿಲ್ಲ. ಇಕಾಮಾ ಎಂಬ ಆ ವಾಸದ ಪರವಾನಗಿಯ ಮುಂದೆ ಇಂಗ್ಲಿಷರೂ ನಮ್ಮಂತೆಯೇ ಎಂದು ನನಗೆ ಗೊತ್ತಾದದ್ದು ಆಗ.

ಸಾಹೇಬರಿಗೆ ದೂರದ ಚೆಂಡು ಕಾಣದು. ನನಗೆ ಆಗತಾನೇ ಪೊರೆ ತೆಗೆಸಿದ ಹೊಸ ಕಣ್ಣು.

"ಅತ್ತೆ, ಚೆಂಡು ಎಲ್ಲಿ ಬಿತ್ತು ಅಂತ ಹೇಳಿ, ಸಾಕು. ಮುಟ್ಬೇಡಿ," ಎಂದು ಅಳಿಯಂದಿರು ಕರೆದೊಯ್ದರು.

ಎಂಟು ಕುಳಿಗೆ ನಲವತ್ತಾಯಿತು. ಕೊನೆಯದಕ್ಕೆ ಐದು ಉಳಿದಿತ್ತು. ಮೊದಲ ಹೊಡೆತಕ್ಕೇ ಚೆಂಡು ಕಂಬದಾಚೆ, ಯಾರದೋ ಬೂಟು ತುಳಿದ ಗುಂಡಿಯಲ್ಲಿ. ಹಿಂದೆ ನೋಡಿದೆ, ಇಬ್ಬರೂ ದೂರವಿದ್ದರು. ಚಪ್ಪಲಿಯ ತುದಿಯಿಂದ ಮೆಲ್ಲಗೆ ಕಂಬದೊಳಕ್ಕೆ ತಳ್ಳಿದೆ. ಚೌಕಾಬಾರದಲ್ಲಿ ಕಾಯಿ ಸರಿಸಿ ಪಳಗಿದ ಜೀವ, ಸಂಕೋಚವೇನೂ ಆಗಲಿಲ್ಲ.

ದೂರದ್ದು ಕಾಣದ ಸಾಹೇಬರ ಕಣ್ಣಿಗೆ ಹತ್ತಿರದ್ದು ಚೆನ್ನಾಗಿಯೇ ಕಾಣುತ್ತಿತ್ತು. ಚೆಂಡು ಉರುಳಿದ ಗೆರೆ, ಪಕ್ಕದಲ್ಲಿ ನನ್ನ ಹವಾಯಿ ಚಪ್ಪಲಿಯ ಅಚ್ಚು. ಸಾಹೇಬರು ಚೆಂಡನ್ನು ಗುಂಡಿಗೇ ವಾಪಸ್ಸಿಟ್ಟು, ಲೆಕ್ಕ ಬರೆಯುತ್ತಿದ್ದ ಅಳಿಯಂದಿರಿಗೆ ಒಂದು ಬೆರಳೆತ್ತಿ ತೋರಿಸಿದರು. ಅವರ ಸಹಾಯಕ್ಕೆ ಬಂದವಳು ನಾನು, ನನ್ನ ಕಾಲಿನ ತಪ್ಪಿಗೆ ಅವರ ಲೆಕ್ಕದಲ್ಲಿ ಒಂದು ಹೊಡೆತ ದಂಡ.

"ಬರೀಬೇಡಿ ಅಳಿಯಂದ್ರೇ! ಯಾರ್ ನೋಡಿದ್ರು? ನೀವೂ ಹೇಳಲ್ಲ, ನಾನೂ ಹೇಳಲ್ಲ."

"ಅತ್ತೆ, ಸುಮ್ನಿರಿ. ಮಾಡಿದ್ದು ಸಾಕು."

"ಮುದುಕಿ ತಪ್ಪು, ಆಟಕ್ಕೆ ಸೇರಲ್ಲ ಅಂತ ಹೇಳಿ ಅವರಿಗೆ."

ಅಳಿಯಂದಿರು ಹೇಳಿದರು. ಸಾಹೇಬರು ನಕ್ಕು ಏನೋ ಅಂದರು.

"ಅದನ್ನ ಬಿಟ್ಟು ಬರೆದ್ರೆ ನಾಳೆ ಬೆಳಗ್ಗೆ ನನಗೆ ಏನ್ ಕಲಿಸೋದು ಅಂತ ಕೇಳ್ತಿದಾರೆ, ಅತ್ತೆ."

ಸಾಹೇಬರು ಆ ಗುಂಡಿಯಿಂದಲೇ ಚೆಂಡು ಚಿಮ್ಮಿಸಿ, ಅದೂ ಸೇರಿ ಇನ್ನು ನಾಲ್ಕೇ ಹೊಡೆತದಲ್ಲಿ ಕುಳಿ ಸೇರಿಸಿದರು. ದಂಡ ಸೇರಿ ನಲವತ್ತಾರು. ನಾನು ಮುಟ್ಟದೆ ಬಿಟ್ಟಿದ್ದರೆ ಸರಿಯಾಗಿ ನಲವತ್ತೈದು.

ಮುಂದಿನ ತಿಂಗಳು ಅವರು ಹೊರಟರು. ಕೋಡುಬಳೆ ಕಟ್ಟಿಕೊಂಡು ಹೋಗಿ, ಗೊತ್ತಿದ್ದ ಒಂದೇ ಇಂಗ್ಲಿಷ್ ಮಾತು "ಸಾರಿ" ಅಂದೆ. ಅವರು ಒಂದು ಕೋಡುಬಳೆ ಕಡಿದು, ಗಟ್ಟಿ ಎಂದು ದವಡೆ ಹಿಡಿದುಕೊಂಡು ನಕ್ಕರು.

ಈಗಲೂ ಮಕ್ಕಳು ಮೊಮ್ಮಕ್ಕಳು ಯಾವುದಾದರೂ ಗುಂಡಿಗೆ ಬಿದ್ದದ್ದು ಕಂಡರೆ ನನ್ನ ಕಾಲು ತುರಿಸುತ್ತದೆ. ಅವರಿಗೂ ಅಲ್ಲಿಂದ ಹೊಡೆಯಲು ಬರುತ್ತದೋ ಏನೋ ಎಂದು ಎರಡು ನಿಮಿಷ ಕಾಯುತ್ತೇನೆ. ಮೂರನೆಯ ನಿಮಿಷದ ಮಾತು ಬೇರೆ.